ನಾಲ್ಕು ಅಂಗೈ ನೆಲ

ಹೊಸ ಕಾರು ಕೊಂಡವನನ್ನು ನಮ್ಮ ಮೈಸೂರು ಸೀಮೆಯಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು. ‘ಎಷ್ಟ್ ಕೊಡ್ತದೆ ಸಾ?’ ಸಂತೆಯಲ್ಲಿ ಹಸುವಿನ ಕೆಚ್ಚಲು ನೋಡಿ ಕೇಳುವಾಗ ಯಾವ ದನಿಯೋ, ಇಲ್ಲೂ ಅದೇ ದನಿ. ಇಪ್ಪತ್ತು ಕೊಡ್ತದೆ ಎಂದರೆ ಮುಖ ಅರಳುತ್ತದೆ. ಹದಿನಾಲ್ಕು ಎಂದರೆ ಗಂಟಲಲ್ಲಿ ಒಂದು ‘ಅಯ್ಯೋ’ ಹುಟ್ಟಿ ಅಲ್ಲೇ ಉಳಿಯುತ್ತದೆ. ‘ನಿಲ್ತದಾ ಸಾ?’ ಎಂದು ಮಾತ್ರ ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ. ಓಡುವುದು ಕಾರಿನ ಗುಣ, ನಿಲ್ಲುವುದು ದೇವರ ದಯೆ ಎಂದು ಎಲ್ಲರೂ ಒಪ್ಪಿಕೊಂಡಿರುವ ಹಾಗಿದೆ.

ಆದರೆ ಬನ್ನೂರಿನಿಂದ ಸೋಮನಾಥಪುರಕ್ಕೆ, ಅಲ್ಲಿಂದ ಟಿ. ನರಸೀಪುರಕ್ಕೆ ಕಾರು ಓಡಿಸಿದವರಿಗೆ ಗೊತ್ತು, ಈ ದಾರಿಯಲ್ಲಿ ಓಡಿಸುವುದಕ್ಕಿಂತ ನಿಲ್ಲಿಸುವುದೇ ಜಾಸ್ತಿ. ಬನ್ನೂರು ಕುರಿಯ ಹೆಸರು ಊರೂರಿಗೆ ಗೊತ್ತು. ಗಿಡ್ಡ ಕಾಲು, ದುಂಡು ಮೈ, ಗಂಭೀರ ನಡೆ. ತನ್ನ ಮಾಂಸಕ್ಕೆ ಎಷ್ಟು ಬೆಲೆ ಎಂಬುದು ಅದಕ್ಕೂ ತಿಳಿದಿರಬೇಕು, ರಸ್ತೆ ದಾಟುವಾಗ ಅವಸರವೆಂಬುದೇ ಇಲ್ಲ. ಕುರಿ ದಾಟಿತು ಎನ್ನುವಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರು. ಅದು ಎರಡು ಟ್ರೇಲರ್ ಕಟ್ಟಿಕೊಂಡು, ಎರಡೂ ಕಡೆ ಸೋಗೆ ಬೀಸಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಮದುವೆ ದಿಬ್ಬಣದ ವೇಗದಲ್ಲಿ ಹೋಗುತ್ತಿರುತ್ತದೆ. ಅದನ್ನು ದಾಟಿದರೆ ಶಾಲೆ ಬಿಟ್ಟ ಮಕ್ಕಳು. ಮಕ್ಕಳಾದ ಮೇಲೆ ಹಂಪು.

ಹಂಪಿನ ವಿಷಯಕ್ಕೆ ಬಂದಮೇಲೆ ಸ್ವಲ್ಪ ನಿಲ್ಲಬೇಕು. ನಿಲ್ಲದೆ ಬೇರೆ ದಾರಿಯೂ ಇಲ್ಲ. ರಸ್ತೆ ಉಬ್ಬಿಗೆ ಭಾರತದಲ್ಲಿ ಒಂದು ಲೆಕ್ಕ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನವರು ಬರೆದಿಟ್ಟಿರುವ ಪ್ರಕಾರ ಅದು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ನಡುವೆ ಮೆಲ್ಲಗೆ ಬಾಗಿರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋದವನಿಗೆ ಅದು ತೊಟ್ಟಿಲು ತೂಗಿದಷ್ಟೇ. ನಮ್ಮ ಹಳ್ಳಿಗಳ ಹಂಪು ಬೇರೆ ಶಾಸ್ತ್ರದ್ದು. ಊರಿನಲ್ಲಿ ಒಂದು ಅಪಘಾತವಾದ ರಾತ್ರಿ ಸಿಟ್ಟು, ದುಃಖ, ಉಳಿದ ಜಲ್ಲಿ ಮೂರೂ ಸೇರಿ ಅದು ಏಳುತ್ತದೆ. ಅಗಲ ಒಂದು ಮೊಳ, ಎತ್ತರ ಆ ದಿನದ ಸಿಟ್ಟಿನಷ್ಟು. ಬಣ್ಣ ಬಳಿಯುವ ಹೊತ್ತಿಗೆ ಸಿಟ್ಟು ಇಳಿದಿರುತ್ತದೆ, ಆದ್ದರಿಂದ ಬಣ್ಣ ಇರುವುದಿಲ್ಲ. ಅದನ್ನು ಕಟ್ಟಿದವರನ್ನು ನಾನು ಬೈಯಲಾರೆ. ಕಾರುಗಳು ತಾವಾಗಿ ನಿಲ್ಲುವುದನ್ನು ಕಲಿತಿದ್ದರೆ ಅವರು ರಾತ್ರಿ ಎದ್ದು ಜಲ್ಲಿ ಹೊರಬೇಕಾಗಿರಲಿಲ್ಲ.

ನನ್ನದು ಸಣ್ಣ ಕಾರು, ಬಿಳಿಯದು. ಸೋಮನಾಥಪುರದ ದೇವಸ್ಥಾನದ ಎದುರು ಭಾನುವಾರ ಅಂಥವೇ ಸಾಲಾಗಿ ನಿಂತಿರುತ್ತವೆ. ಕೀಲಿಯ ಗುಂಡಿ ಒತ್ತಿ, ಯಾವುದು ಕಣ್ಣು ಮಿಟುಕಿಸಿತು ಎಂದು ನೋಡಿ ನಮ್ಮದನ್ನು ಗುರುತಿಸಿಕೊಳ್ಳಬೇಕು. ಮೂರು ಸಿಲಿಂಡರಿನ ಎಂಜಿನ್ನು, ಬೆಳಗಿನ ಚಳಿಗೆ ಸ್ವಲ್ಪ ನಡುಗುತ್ತದೆ, ಮೇಲೆ ಸುಮ್ಮನಾಗುತ್ತದೆ. ಸ್ಟೇರಿಂಗ್ ಹಗುರ, ಸೀಟು ಎತ್ತರ. ಸೀರೆ ಉಟ್ಟ ವಯಸ್ಸಾದವರು ಮಂಡಿ ಹಿಡಿದುಕೊಳ್ಳದೆ ಹತ್ತಿ ಕೂರಬಹುದು. ಗದ್ದೆ ಬಯಲಿನ ಸಮನೆಲದಲ್ಲಿ ಅದಕ್ಕೆ ಯಾವ ದೂರೂ ಇಲ್ಲ. ಐದು ಜನ ಹತ್ತಿ, ಡಿಕ್ಕಿಯಲ್ಲಿ ಒಂದು ಮೂಟೆ ಅಕ್ಕಿ ಹಾಕಿ, ಏಸಿ ಬೇರೆ ಹಾಕಿದರೆ ಮಾತ್ರ ಚಾಮುಂಡಿ ಬೆಟ್ಟದ ತಿರುವಿನಲ್ಲಿ ಏದುಸಿರು ಬಿಡುತ್ತದೆ. ಅದು ನ್ಯಾಯವೇ. ನಾವೂ ಬಿಡುತ್ತೇವೆ.

ಇಷ್ಟೆಲ್ಲ ಹೊತ್ತು ಓಡುವ ಕಾರು ನೆಲವನ್ನು ಮುಟ್ಟುವುದು ಎಷ್ಟು ಜಾಗದಲ್ಲಿ? ಒಂದೊಂದು ಚಕ್ರಕ್ಕೆ ಒಂದು ಅಂಗೈ ಅಗಲ. ಇದು ಅಲಂಕಾರದ ಮಾತಲ್ಲ, ಲೆಕ್ಕ. ಒಂಬೈನೂರು ಕಿಲೋ ಕಾರಿನ ಕಾಲು ಭಾಗ ತೂಕವನ್ನು ಟೈರಿನೊಳಗಿನ ಗಾಳಿಯ ಒತ್ತಡದಿಂದ ಭಾಗಿಸಿದರೆ ಉಳಿಯುವುದು ಸುಮಾರು ನೂರು ಚದರ ಸೆಂಟಿಮೀಟರ್. ಅಂಥ ನಾಲ್ಕು ತುಂಡು ರಬ್ಬರಿನ ಮೇಲೆ ನಮ್ಮ ಸಂಸಾರ, ಸಾಲದ ಕಂತು, ಡ್ಯಾಶ್‌ಬೋರ್ಡಿನ ಪುಟ್ಟ ಗಣಪತಿ ಎಲ್ಲ ಹೊರಟಿರುತ್ತವೆ. ಗಂಟೆಗೆ 60 ಕಿಲೋಮೀಟರ್ ಹೋಗುತ್ತಿರುವಾಗ ಕುರಿ ಕಂಡು, ಅದು ಕುರಿ ಎಂದು ಹೊಳೆದು, ಕಾಲು ಬ್ರೇಕಿಗೆ ಬರುವ ಒಂದು ಸೆಕೆಂಡಿನಲ್ಲೇ ಕಾರು ಹದಿನೇಳು ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕಿನ ಕೆಲಸ ಆಮೇಲೆ ಶುರು. ವೇಗ ಎರಡರಷ್ಟಾದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟು. ಹಿಂದಿನ ಸೀಟಿನಿಂದ ‘ಸ್ವಲ್ಪ ಜೋರಾಗಿ ಬಿಡು’ ಎನ್ನುವವರು ಸಾಮಾನ್ಯವಾಗಿ ಈ ಗಣಿತದಲ್ಲಿ ಗೈರುಹಾಜರು.

ಚಳಿಗಾಲದಲ್ಲಿ ಆ ನಾಲ್ಕು ಅಂಗೈ ನೆಲವೂ ಕೈ ತಪ್ಪುತ್ತದೆ. ಸುಗ್ಗಿಯಲ್ಲಿ ನಮ್ಮ ಕಡೆಯ ರಸ್ತೆಗಳೆಲ್ಲ ಕಣ. ಹಿಂದೆ ಕಣ ಮಾಡುವುದೆಂದರೆ ನೆಲ ಕೆತ್ತಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತು ಕಟ್ಟಿ ರೋಣಗಲ್ಲು ಸುತ್ತಿಸಬೇಕಿತ್ತು. ಈಗ ಎತ್ತೂ ಇಲ್ಲ, ಆಳೂ ಇಲ್ಲ. ಲೋಕೋಪಯೋಗಿ ಇಲಾಖೆಯವರು ಹಾಕಿಕೊಟ್ಟ ಡಾಂಬರು ಇದೆ, ಬಿಟ್ಟಿ ರೋಣಗಲ್ಲಾಗಿ ನಾವಿದ್ದೇವೆ. ಹುರುಳಿ ಸೊಪ್ಪನ್ನು ಮೊಣಕಾಲೆತ್ತರ ಹರಡಿ, ಅಜ್ಜಿ ಒಬ್ಬಳು ಬದಿಯಲ್ಲಿ ಕುಳಿತು, ಬರುವ ಕಾರನ್ನು ಕೈ ಬೀಸಿ ಕರೆಯುತ್ತಾಳೆ: ‘ಬಾ ಮಗ, ಮೇಲೇ ಬುಡು.’ ಅಷ್ಟು ಪ್ರೀತಿಯಿಂದ ನನ್ನ ಡ್ರೈವಿಂಗನ್ನು ಬೇರೆ ಯಾರೂ ಸ್ವಾಗತಿಸಿಲ್ಲ. ಬಿಟ್ಟರೆ ಸೊಪ್ಪು ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಬಿಸಿ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡು ಕಾರು ಸುಟ್ಟುಹೋದ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಸೊಪ್ಪು ತೆಗೆದ ಮೇಲೆ ಉಳಿಯುವ ಕಾಳು ಇನ್ನೂ ಮೋಸ. ಹುರುಳಿಯ ಮೇಲೆ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ. ಚಕ್ರ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವ ಎಬಿಎಸ್ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಗಿದೆ, ನಿಜ. ಬ್ರೇಕ್ ಒತ್ತಿದಾಗಲೂ ಸ್ಟೇರಿಂಗ್ ಮಾತು ಕೇಳುವಂತೆ ಮಾಡುವುದು ಅದರ ಕೆಲಸ. ಸಡಿಲ ಕಾಳು, ಜಲ್ಲಿ, ಮರಳಿನ ಮೇಲೆ ಅದು ನಿಲ್ಲುವ ದೂರವನ್ನು ಕಡಿಮೆ ಮಾಡುವುದಿಲ್ಲ, ಕೆಲವೊಮ್ಮೆ ಹೆಚ್ಚಿಸುತ್ತದೆ. ಅದನ್ನು ಮಾಡಿದ ಎಂಜಿನಿಯರು ಹುರುಳಿ ಕಟ್ಟಿನ ಸಾರು ಉಂಡವನಾಗಿರಲಾರ.

ಟೈರು ನೋಡಿ ಭವಿಷ್ಯ ಹೇಳುವ ಒಬ್ಬ ನರಸೀಪುರದಲ್ಲಿದ್ದಾನೆ. ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಾನೆ. ಗಾಡಿ ನಿಂತರೆ ಮೊದಲು ಮಾಲೀಕನ ಮುಖ ನೋಡುವುದಿಲ್ಲ, ಮುಂದಿನ ಟೈರಿನ ಮುಖ ನೋಡುತ್ತಾನೆ. ನಡು ಸವೆದಿದ್ದರೆ ‘ಗಾಳಿ ಜಾಸ್ತಿ ಹಾಕ್ಸವ್ರೆ’. ಎರಡೂ ಅಂಚು ಸವೆದಿದ್ದರೆ ‘ಗಾಳೀನೇ ನೋಡ್ಸಿಲ್ಲ’. ಒಳಗಿನ ಅಂಚು ಮಾತ್ರ ಸವೆದಿದ್ದರೆ ‘ಎಲ್ಲೋ ಗುಂಡೀಗ್ ಬುಟ್ಟವ್ರೆ, ಅಲೈನ್‌ಮೆಂಟ್ ಹೋಗದೆ’. ಅಲ್ಲಲ್ಲಿ ಬಟ್ಟಲು ಬಟ್ಟಲಾಗಿ ಸವೆದಿದ್ದರೆ ತಲೆಯಾಡಿಸಿ, ‘ಶಾಕ್ ಸತ್ತೋಗದೆ ಸಾ’ ಎನ್ನುತ್ತಾನೆ. ಆಗ ಅವನ ದನಿಯಲ್ಲಿ ನಿಜವಾದ ಸಂತಾಪ ಇರುತ್ತದೆ. ಸಣ್ಣ ಕಾರಿನಲ್ಲಿ ಎಂಜಿನ್ನು ಎಳೆಯುವುದು ಮುಂದಿನ ಚಕ್ರವನ್ನು, ತಿರುಗುವುದೂ ಅವೇ, ಬ್ರೇಕಿನ ಹೆಚ್ಚಿನ ಪಾಲು ಹೊರುವುದೂ ಅವೇ. ಹಿಂದಿನವು ಹಿಂದೆ ಹಿಂದೆ ಬರುತ್ತವೆ ಅಷ್ಟೆ. ಕೂಡುಕುಟುಂಬದಲ್ಲಿ ದುಡಿಯುವವರೂ ಉಣ್ಣುವವರೂ ಯಾರೆಂದು ತಿಳಿದವನ ಹಾಗೆ ಅವನು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕುತ್ತಾನೆ.

ಟೈರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಆ ಕಾರು ರಸ್ತೆಗೆ ಬರಬಾರದು ಎನ್ನುತ್ತದೆ ಕಾನೂನು. ಗೀರಿನ ತಳದಲ್ಲಿ ಅಷ್ಟೇ ಎತ್ತರದ ಪುಟ್ಟ ರಬ್ಬರ್ ತಡೆಗಳನ್ನು ಟೈರು ಮಾಡುವವರೇ ಇಟ್ಟಿರುತ್ತಾರೆ. ಸವೆದು ಸವೆದು ಟೈರಿನ ಮೈ ಅದಕ್ಕೆ ಸಮವಾದರೆ ಆಯಸ್ಸು ಮುಗಿಯಿತು. ‘ಒಂದೂವರೆ ಮಿಲಿಮೀಟರಿಗೆ ಏನಾಗುತ್ತದೆ, ಇನ್ನೊಂದು ಮಳೆಗಾಲ ಓಡಲಿ’ ಎನ್ನುವವರಿದ್ದಾರೆ. ನರಸೀಪುರದಲ್ಲಿ ನಿಂತು ಹಾಗೆ ಹೇಳಬಾರದು. ಕಾವೇರಿ ಕಪಿಲೆ ಕೂಡುವಲ್ಲಿ ಇರುವ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಸ್ಥಳಪುರಾಣ. ಗುಲಗಂಜಿಯಷ್ಟರಲ್ಲಿ ಕಾಶಿಯನ್ನೇ ಹಿಂದೆ ಹಾಕಿದ ಊರಿನಲ್ಲಿ ಒಂದೂವರೆ ಮಿಲಿಮೀಟರು ಸಣ್ಣ ಮಾತಲ್ಲ. ಗೀರು ಇರುವುದೇ ಮಳೆಯ ನೀರನ್ನು ಪಕ್ಕಕ್ಕೆ ತಳ್ಳಿ ರಬ್ಬರಿಗೆ ಡಾಂಬರು ತೋರಿಸಲು. ಗೀರು ಹೋದ ಟೈರು ನೀರಿನ ಮೇಲೆ ತೇಲುತ್ತದೆ.

ಟೈರು, ಬ್ರೇಕು ಎರಡೂ ನಮ್ಮ ಜಿಲ್ಲೆಗೆ ಪರಕೀಯವಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೈಸೂರಿನ ಮೇಟಗಳ್ಳಿಯಲ್ಲಿ ಹುಟ್ಟಿದ ವಿಕ್ರಾಂತ್ ಟೈರ್ಸ್ ಸರ್ಕಾರದ ಪಾಲಿದ್ದ ಕಂಪನಿ, 1997ರಲ್ಲಿ ಜೆ.ಕೆ. ಟೈರ್ ಅದನ್ನು ಕೊಂಡಿತು. ಈಗಲೂ ಹಳಬರು ‘ವಿಕ್ರಾಂತ್ ಫ್ಯಾಕ್ಟರಿ’ ಎಂದೇ ದಾರಿ ಹೇಳುತ್ತಾರೆ. ಹೂಟಗಳ್ಳಿಯಲ್ಲಿ 1981ರಲ್ಲಿ ಸ್ಥಾಪನೆಯಾದ ಆಟೋಮೋಟಿವ್ ಆಕ್ಸಲ್ಸ್ ಲಾರಿಗಳಿಗೆ ಅಚ್ಚು ಮತ್ತು ಬ್ರೇಕು ಮಾಡುತ್ತದೆ. ಮೈಸೂರೆಂದರೆ ರೇಷ್ಮೆ, ಮಲ್ಲಿಗೆ, ಪಾಕು ಎನ್ನುವ ಪಟ್ಟಿಯಲ್ಲಿ ಇವಕ್ಕೆ ಜಾಗ ಸಿಕ್ಕಿಲ್ಲ. ಬ್ರೇಕಿಗೆ ಪರಿಮಳವಿಲ್ಲ, ಬಂದರೆ ಅದು ಸುಟ್ಟ ವಾಸನೆ.

ಸೋಮನಾಥಪುರಕ್ಕೆ ಬಂದವರು ಕಾರು ನಿಲ್ಲಿಸಿ ಒಳಗೆ ಹೋಗುತ್ತಾರೆ, ಹೋಗಬೇಕು. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಕೇಶವ ದೇವಾಲಯ 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮಾರ್ಗದರ್ಶಿಗಳು ವೇಣುಗೋಪಾಲನನ್ನೂ, ಮಲ್ಲಿತಮ್ಮ ಎಂಬ ಶಿಲ್ಪಿ ಕೆತ್ತಿಟ್ಟ ತನ್ನ ಸಹಿಯನ್ನೂ ತೋರಿಸುತ್ತಾರೆ. ನಕ್ಷತ್ರಾಕಾರದ ಜಗತಿಯ ಮೇಲೆ ಪ್ರದಕ್ಷಿಣೆ ಬರುವಾಗ ನನ್ನ ಕಣ್ಣು ಮಾತ್ರ, ಕಾರು ಕೊಂಡ ಮೇಲಿನ ಚಟ, ಗೋಡೆಯ ಬುಡದ ಪಟ್ಟಿಕೆಗಳಲ್ಲಿ ಗಾಲಿ ಹುಡುಕುತ್ತದೆ. ಆನೆಯ ಸಾಲು, ಕುದುರೆಯ ಸಾಲು, ಬಳ್ಳಿ, ಅದರ ಮೇಲೆ ಕಥೆ. ದಕ್ಷಿಣದ ಗರ್ಭಗುಡಿಯ ಸುತ್ತ ರಾಮಾಯಣ, ಉತ್ತರದ ಸುತ್ತ ಮಹಾಭಾರತ.

ಆ ಎರಡು ಮಹಾಕಾವ್ಯಗಳನ್ನೂ ಗಾಡಿ ರಿಪೇರಿಯ ದೃಷ್ಟಿಯಿಂದ ಯಾರಾದರೂ ನೋಡಬೇಕು. ಹರಿಕಥೆಯ ದಾಸರು ಹೇಳುವ ಕಥೆಯಲ್ಲಿ ದಶರಥನ ರಥದ ಕಡಾಣಿ ಯುದ್ಧದ ನಡುವೆ ಕಳಚಿಹೋಗುತ್ತದೆ. ಕೈಕೇಯಿ ಆ ಜಾಗದಲ್ಲಿ ತನ್ನ ಬೆರಳಿಟ್ಟು ಗಾಲಿ ಕಳಚದಂತೆ ಹಿಡಿಯುತ್ತಾಳೆ. ಮೆಚ್ಚಿದ ರಾಜ ಎರಡು ವರ ಕೊಡುತ್ತಾನೆ. ವಾಲ್ಮೀಕಿಯಲ್ಲಿ ಬೆರಳಿನ ಪ್ರಸಂಗವಿಲ್ಲ. ಗಾಯಗೊಂಡ ಗಂಡನನ್ನು ರಣರಂಗದಿಂದ ಆಚೆ ಕರೆದೊಯ್ದು ಉಳಿಸುತ್ತಾಳೆ. ಆದರೆ ನನಗೆ ದಾಸರ ಕಥೆಯೇ ಮೇಲು. ಹೊರಡುವ ಮೊದಲು ಸಾರಥಿ ನಾಲ್ಕು ಗಾಲಿ ಒಮ್ಮೆ ಅಲ್ಲಾಡಿಸಿ ನೋಡಿದ್ದರೆ ವರವಿಲ್ಲ, ವನವಾಸವಿಲ್ಲ, ಲಂಕೆಗೆ ಬೆಂಕಿಯಿಲ್ಲ. ಆ ಕಡೆ ಮಹಾಭಾರತದಲ್ಲಿ ಕರ್ಣನ ರಥದ ಗಾಲಿ ನೆಲದಲ್ಲಿ ಹೂತುಹೋಗುತ್ತದೆ, ಸಾರಥಿ ಶಲ್ಯ ಸಹಾಯ ಮಾಡುವುದಿಲ್ಲ, ಕೆಳಗಿಳಿದು ಎತ್ತುವಾಗ ಬಾಣ ತಾಗುತ್ತದೆ. ಶಾಪದ ಮಾತು ಇರಲಿ. ಮಳೆಗಾಲದಲ್ಲಿ ಗದ್ದೆ ಬದಿಯ ಮಣ್ಣಿಗೆ ಎಡಗಾಲಿ ಇಳಿಸಿದವರಿಗೆಲ್ಲ ಕರ್ಣನ ಮೇಲೆ ಒಂದು ವಿಶೇಷ ಪ್ರೀತಿ ಹುಟ್ಟುತ್ತದೆ. ಶಲ್ಯನಂಥವರು ಪ್ರತಿ ಕಾರಿನಲ್ಲೂ ಒಬ್ಬರಿರುತ್ತಾರೆ. ಕೆಳಗಿಳಿಯದೆ ಗಾಜು ಇಳಿಸಿ ಸಲಹೆ ಕೊಡುತ್ತಾರೆ.

ದೇವಾಲಯದ ಒಳಗಿನ ಕಂಬಗಳನ್ನು ಮುಟ್ಟದೆ ನೋಡಿ. ಬಳೆ ಬಳೆಯಾಗಿ, ಗಂಟೆಯಾಗಿ, ಸುತ್ತಲೂ ಒಂದೇ ಸಮ. ತಿರುಗಣೆಗೆ ಹಾಕಿ ಕಡೆದ ಕಂಬಗಳು. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಅದಕ್ಕೇ ಅಷ್ಟು ನಯ ಸಾಧ್ಯವಾಯಿತು. ಕಾರಿನ ಹಿಂದಿನ ಬ್ರೇಕ್ ಡ್ರಮ್ಮಿನ ಒಳಮೈ ಗೀರು ಬಿದ್ದರೆ ಮೈಸೂರಿನಲ್ಲಿ ಲೇತಿಗೆ ಕಟ್ಟಿ ಒಂದು ಪದರ ಹೆರೆಯುತ್ತಾರೆ. ಎಷ್ಟು ಹೆರೆಯಬಹುದು ಎಂಬ ಮಿತಿ ಡ್ರಮ್ಮಿನ ಮೇಲೇ ಅಚ್ಚಾಗಿರುತ್ತದೆ. ಹೆರೆಯುವ ಹುಡುಗನಿಗೆ ನಾನೊಮ್ಮೆ ಸೋಮನಾಥಪುರದ ಕಂಬದ ವಿಷಯ ಹೇಳಿದೆ. ಅವನು ಕೇಳಿದ್ದು, ‘ಮೋಟ್ರು ಎಷ್ಟ್ ಹೆಚ್‌ಪಿ ಸಾ?’

ಗಾಳಿಗೆ ಗಟ್ಟಿಯಾಗುವುದು ಕಲ್ಲಿಗೆ ಒಳ್ಳೆಯದು, ರಬ್ಬರಿಗೆ ಅಲ್ಲ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಕಾರು ಹೊಂಗೆ ಮರದ ಕೆಳಗೆ ಹೊದಿಕೆ ಹೊದ್ದು ಮಲಗಿರುತ್ತದೆ. ನಂಜನಗೂಡಿನ ಹುಣ್ಣಿಮೆಗೆ, ಮಗಳ ಮನೆಯ ಹಬ್ಬಕ್ಕೆ ಹೊರಡುತ್ತದೆ. ಟೈರಿನ ಗೀರು ಹೊಸದರಂತೆ ಆಳ. ಆದರೆ ಪಕ್ಕದ ಗೋಡೆಯಲ್ಲಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು. ‘ಸವೆದೇ ಇಲ್ಲವಲ್ಲಯ್ಯಾ’ ಎಂದು ಅವರು ವಾದಿಸುತ್ತಾರೆ. ಸವೆಯದೆಯೂ ಮುಪ್ಪು ಬರುತ್ತದೆ ಎಂಬುದನ್ನು ನಿವೃತ್ತರಿಗೆ ಹೇಳುವ ಧೈರ್ಯ ನನಗಿಲ್ಲ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ: 3219 ಎಂದಿದ್ದರೆ 2019ರ ಮೂವತ್ತೆರಡನೇ ವಾರ ಅದು ಹುಟ್ಟಿತು ಎಂದರ್ಥ. ಜಾತಕ ಬರೆಸಿಕೊಂಡು ಬರುವ ವಸ್ತು ಅದೊಂದೇ. ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಮಕ್ಕಳ ಜಾತಕ ನೋಡುತ್ತಾರೆ, ಕಾರಿನದನ್ನು ನೋಡುವುದಿಲ್ಲ.

ಇನ್ನು ಬ್ರೇಕು. ನಮ್ಮತ್ತೆ ಪಕ್ಕದ ಸೀಟಿನಲ್ಲಿ ಕುಳಿತರೆ ಕಾರಿಗೆ ಎರಡು ಬ್ರೇಕು. ಎದುರಿಗೆ ಬಸ್ಸು ಕಂಡರೆ ಅವರ ಬಲಗಾಲು ನೆಲ ಒತ್ತುತ್ತದೆ, ಬಾಯಿ ‘ನಂಜುಂಡಪ್ಪಾ’ ಎನ್ನುತ್ತದೆ. ನಿಂತ ಮೇಲೆ ನಿಲ್ಲಿಸಿದ ಶ್ರೇಯಸ್ಸು ನಂಜುಂಡಪ್ಪನಿಗೆ, ತಡವಾದ ಅಪವಾದ ನನಗೆ. ಬೆಟ್ಟ ಇಳಿಯುವಾಗ ಗೇರು ತೆಗೆದು ನ್ಯೂಟ್ರಲ್ಲಿನಲ್ಲಿ ಬಿಟ್ಟು ಪೆಟ್ರೋಲು ಉಳಿಸುವ ನಮ್ಮ ಮಾವನಿಗಿಂತ ಅವರು ವಾಸಿ. ಈಗಿನ ಕಾರುಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲು ತಾನೇ ನಿಲ್ಲುತ್ತದೆ, ಎಂಜಿನ್ನೇ ಕಾರನ್ನು ಹಿಡಿಯುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ನು ಸುಮ್ಮನೆ ಕುಡಿಯುತ್ತಿರುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ. ಮೂರನೆಯದಕ್ಕೋ ಎರಡನೆಯದಕ್ಕೋ ಗೇರು ಇಳಿಸಿ ಬಂದರೆ ಬೆಟ್ಟದ ಬುಡದಲ್ಲಿ ಸುಟ್ಟ ವಾಸನೆ ಬರುವುದಿಲ್ಲ.

ಮಳೆಗಾಲದ ಬ್ರೇಕಿಗೆ ನಂಜನಗೂಡೇ ಪಾಠಶಾಲೆ. ಕಬಿನಿ ಜಲಾಶಯ ತುಂಬಿ ನೀರು ಬಿಟ್ಟರೆ ಕಪಿಲೆ ಸ್ನಾನಘಟ್ಟದ ಮೆಟ್ಟಿಲು ನುಂಗುತ್ತದೆ. 2018ರಲ್ಲೂ 2019ರಲ್ಲೂ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ಹೆದ್ದಾರಿಯನ್ನೇ ಮುಳುಗಿಸಿತು. ಹರಿಯುವ ನೀರಿಗೆ ಕಾರು ಇಳಿಸಬಾರದು, ಆ ಮಾತೇ ಬೇಡ. ನಿಂತ ನೀರು ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಹೋಗಿ, ಒದ್ದೆ ಆರುತ್ತದೆ. ರಾತ್ರಿಯೆಲ್ಲ ಮಳೆಯಲ್ಲಿ ನಿಂತ ಕಾರು ಬೆಳಿಗ್ಗೆ ಮೊದಲ ಬ್ರೇಕಿಗೆ ಕರಕರ ಎಂದರೆ ಗಾಬರಿ ಬೇಡ, ಡಿಸ್ಕಿನ ಮೇಲಿನ ತೆಳು ತುಕ್ಕು ಉಜ್ಜಿಹೋಗುತ್ತಿದೆ. ದಿನವೂ ಕೀಚ್ ಎಂದು ಸಣ್ಣಗೆ ಕೂಗುತ್ತಿದ್ದರೆ ಮಾತ್ರ ಕೇಳಿಸಿಕೊಳ್ಳಿ. ಪ್ಯಾಡು ಸವೆದಾಗ ಡಿಸ್ಕಿಗೆ ತಾಗಿ ಕೂಗಲೆಂದೇ ಅನೇಕ ಪ್ಯಾಡುಗಳಲ್ಲಿ ಒಂದು ತಗಡಿನ ನಾಲಗೆ ಇಟ್ಟಿರುತ್ತಾರೆ. ಹಾಡು ಜೋರಾಗಿ ಹಾಕಿ ಅದನ್ನು ಮುಚ್ಚಿಹಾಕುವವರೂ ಉಂಟು.

ನಿಲ್ಲಿಸುವವರಿಗೆ ಮರ್ಯಾದೆ ಸಿಗುವುದನ್ನು ನೋಡಬೇಕಾದರೆ ನಂಜನಗೂಡಿನ ದೊಡ್ಡ ಜಾತ್ರೆಗೆ ಹೋಗಬೇಕು. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ, ಒಟ್ಟು ಐದು ತೇರು. ಸ್ವಾಮಿಯ ಗೌತಮ ರಥ ಎಲ್ಲಕ್ಕಿಂತ ದೊಡ್ಡದು. ಹಗ್ಗ ಹಿಡಿಯಲು ಸಾವಿರಾರು ಕೈ. ಆದರೆ ತೇರಿಗೆ ಬ್ರೇಕ್ ಪೆಡಲಿಲ್ಲ. ಗಾಲಿಯ ಪಕ್ಕದಲ್ಲೇ ಹೆಜ್ಜೆ ಹಾಕುತ್ತ, ಬೇಕಾದಾಗ ಮರದ ಬೆಣೆ ಕೊಟ್ಟು ಅದನ್ನು ಹಿಡಿಯುವ, ಅದರಿಂದಲೇ ಬೀದಿಯ ತಿರುವಿಗೆ ಹೊರಳಿಸುವ ಕೆಲವೇ ಜನ ಇರುತ್ತಾರೆ. ಎಲ್ಲರೂ ಮೇಲೆ ಕಳಶ ನೋಡುತ್ತಿರುವಾಗ ಇವರು ಕೆಳಗೆ ಗಾಲಿಯನ್ನೇ ನೋಡುತ್ತಿರುತ್ತಾರೆ. ಹಣ್ಣು ಜವನ ಎಸೆಯುವ ನಾವು ಅವರ ತಲೆಯ ಮೇಲೇ ಎಸೆಯುತ್ತೇವೆ. ನನ್ನ ಪ್ರಕಾರ ಇಡೀ ಜಾತ್ರೆಯಲ್ಲಿ ಕಷ್ಟದ ಕೆಲಸ ಅದು.

ಕಾರಿಗೂ ನಾವು ಪೂಜೆ ಮಾಡದೆ ಬಿಟ್ಟಿಲ್ಲ. ಆಯುಧಪೂಜೆಯ ದಿನ ತೊಳೆದು, ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಹರಿಸುತ್ತೇವೆ. ವರ್ಷಕ್ಕೊಮ್ಮೆಯಾದರೂ ಬಗ್ಗಿ ಟೈರು ನೋಡುವ ಸಂದರ್ಭ ಅದು. ನಿಂಬೆ ಇಟ್ಟ ಕೈ ಹಾಗೇ ಗೀರನ್ನೂ ಸವರಿದರೆ ಪೂಜೆ ಸಾರ್ಥಕ. ಆಮೇಲೆ ದೃಷ್ಟಿ ತೆಗೆದ ಬೂದುಗುಂಬಳವನ್ನು ನಡುರಸ್ತೆಯಲ್ಲಿ ಒಡೆಯುತ್ತೇವೆ. ಸಂಜೆ ಅದೇ ತಿರುಳಿನ ಮೇಲೆ ಬೈಕಿನವನು ಜಾರಿ ಬೀಳುತ್ತಾನೆ. ನಮ್ಮ ಗಾಡಿಗೆ ತಾಗಿದ್ದ ದೃಷ್ಟಿ ಪಕ್ಕದವನಿಗೆ ಹೋಯಿತು ಎಂಬುದು ಇದಕ್ಕೇ. ಕುಂಬಳಕಾಯಿಯನ್ನು ಗೋಡೆ ಬದಿಗೆ ಒಡೆದರೂ ದೃಷ್ಟಿ ಹೋಗುತ್ತದೆ, ಪುರೋಹಿತರನ್ನು ಕೇಳಿದ್ದೇನೆ.

ಸತ್ತ ಟೈರು ನಮ್ಮ ಕಡೆ ಸುಲಭವಾಗಿ ಸಾಯುವುದಿಲ್ಲ. ಎತ್ತಿನ ಗಾಡಿಗೆ ಕಬ್ಬಿಣದ ಪಟ್ಟೆ ಹೋಗಿ ಟೈರು ಬಂದು ಕಾಲವಾಯಿತು. ಹಳೆಯ ಟೈರು ಕುಯ್ದು ಮಾಡಿದ ಚಪ್ಪಲಿ ಮುಳ್ಳಿನ ಹೊಲಕ್ಕೆ ಹೇಳಿ ಮಾಡಿಸಿದ್ದು. ಮಕ್ಕಳು ಕೋಲಿನಲ್ಲಿ ತಟ್ಟಿ ಓಡಿಸುವ ಟೈರಿಗೆ ಬ್ರೇಕೂ ಬೇಡ, ಪೆಟ್ರೋಲೂ ಬೇಡ. ಉಳಿದವು ದನದ ಕೊಟ್ಟಿಗೆಯ ತಗಡು ಹಾರದಂತೆ ಮೇಲೆ ಕೂರುತ್ತವೆ, ಇಲ್ಲವೆ ಹಿತ್ತಲಿನಲ್ಲಿ ‘ಯಾವುದಕ್ಕಾದರೂ ಆಗುತ್ತದೆ’ ಎಂದು ಬಿದ್ದಿರುತ್ತವೆ. ಹಾಗೆ ಬಿದ್ದ ಟೈರಿನೊಳಗೆ ನಿಂತ ಮಳೆನೀರು ಡೆಂಗಿ ತರುವ ಸೊಳ್ಳೆಗೆ ಬಲು ಇಷ್ಟದ ಹೆರಿಗೆ ಮನೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದರೆ ಮೊದಲು ಹಿತ್ತಲಿನ ಟೈರು ಎತ್ತಿ ನೋಡುವುದು ಅದಕ್ಕೆ. ನಿಮ್ಮ ಮನೆಯಲ್ಲೂ ಒಂದಿದ್ದರೆ ಈ ಮುಂಗಾರಿಗೆ ಮೊದಲು ಅಂಗಡಿಯವನಿಗೆ ಕೊಟ್ಟುಬಿಡಿ. ಕೊಡಲು ಮನಸ್ಸು ಬಾರದಿದ್ದರೆ ನೀರು ಇಳಿದು ಹೋಗುವ ಹಾಗೆ ಕೆಳಗೆ ನಾಲ್ಕು ತೂತು ಹೊಡೆಯಿರಿ.